ಹನ್ನೊಂದನೇ ನಂಬರು

ಬಾಳೆಲೆಯ ಕಡವಿನ ಬಲೆಯಲ್ಲಿ ತಾಯಿ ಸತ್ತು ಸಿಕ್ಕಿತು.
ಮರಿಯನ್ನು ಯಾರೋ ಹೆಲ್ಮೆಟ್ಟಿನೊಳಗಿಟ್ಟು ತಂದರು.
ಕಾಳುಮೆಣಸಿನ ತಕ್ಕಡಿಯಲ್ಲಿ ಒಂಬೈನೂರು ಗ್ರಾಂ,
ಅದರಲ್ಲಿ ಮುಕ್ಕಾಲು ಪಾಲು ಕೂಗು.

ಹೆಸರಿಡಬಾರದು, ಅದು ಇಲ್ಲಿಯ ಕಟ್ಟಳೆ.
ದಪ್ಪ ಪುಸ್ತಕದಲ್ಲಿ: 'ನೀರುನಾಯಿ, ಹನ್ನೊಂದು.'
ಕರ್ಪ ಮಾತ್ರ ಕೊಯ್ಲೆ ಮೀನು ಆಯುತ್ತ
ಗುಟ್ಟಾಗಿ ಏನೋ ಕರೆಯುತ್ತಾನೆ.
ಆಗ ನನಗೆ ಕಿವಿ ಸ್ವಲ್ಪ ಮಂದ.

ನೀರುನಾಯಿಗೆ ನೀರೆಂದರೆ ಭಯ!
ಯಾರಿಗೆ ಹೇಳಿದರೂ ನಗುತ್ತಾರೆ.
ಈಜು ಬಾರದ ನಾನು, ದೇಚಮ್ಮ,
ಲಕ್ಷ್ಮಣತೀರ್ಥದಲ್ಲಿ ಸೊಂಟದವರೆಗೆ ನಿಂತು
ಎರಡು ತಿಂಗಳು
ಇಬ್ಬರ ಭಯವನ್ನೂ ನೆನೆಹಾಕಿದೆ.
ಒಂದು ಬೆಳಗ್ಗೆ ಅಂಗೈ ಹಗುರಾಯಿತು.
ಗುಳ್ಳೆಗಳ ಒಂದು ಗೆರೆ, ಬಿದಿರುಮೆಳೆಯವರೆಗೆ.

ಇನ್ನು ಉಳಿದಿರುವುದು ಕಷ್ಟದ ಪಾಠ.
ನೀರಿನ ಭಯ ಬಿಡಿಸಿದ ಕೈಯೇ
ಮನುಷ್ಯರ ಭಯ ಕಲಿಸಬೇಕು.
ಇವತ್ತು ಓಡಿ ಬಂದು ಬೂಟಿಗೆ ಮೂತಿ ಒರೆಸಿತು.
ತಗಡಿನ ಡಬ್ಬ ಬಡಿದೆ, ಗದರಿದೆ,
ಕಲ್ಲನ್ನೂ ಎಸೆದೆ, ತಾಗದ ಹಾಗೆ.

ಅದು ನಿಂತು ನೋಡಿತು.
ಕರ್ಪ ಬೆನ್ನು ತಿರುಗಿಸಿ ಬೀಡಿ ಹಚ್ಚಿದ.

ರಾತ್ರಿ ಪುಸ್ತಕದಲ್ಲಿ ಬರೆದೆ:
'ಹನ್ನೊಂದು. ಇನ್ನೂ ಹೆದರುತ್ತಿಲ್ಲ.'
ಅಕ್ಷರ ಯಾಕೋ ದುಂಡಗೆ ಬಂದಿತ್ತು.