ನಲವತ್ತು ರಿಂಗಿಟ್

ಸರೋಂಗಿನ ಗಂಟಿನಲ್ಲಿ ನಲವತ್ತು ರಿಂಗಿಟ್,
ಕಾಳುಮೆಣಸು ಮಾರಿದ್ದು.
ಕತ್ತಿ ಅದರಲ್ಲೇ ಬರಬೇಕು,
ಹೊಳೆ ದಾಟಿ ಮರಳುವ ದೋಣಿಯ ಬಾಡಿಗೆಯೂ.

ಚಾಕು ಸಾಕಲ್ಲ ಅಂದಳು ಸೊಸೆ,
ಮಡಚಿ ಜೇಬಿಗಿಡುವಂಥದು.
ಮಡಚುವುದಕ್ಕೆ ಮಂಡಿಯಿರುತ್ತದೆ ಮಗಳೇ,
ಮಂಡಿ ಇದ್ದದ್ದು ಒಂದು ದಿನ ಸೋಲುತ್ತದೆ,
ನನ್ನದೇ ನೋಡು.
ನನಗೆ ಬೇಕಾದ್ದು ಮೊನೆಯಿಂದ ಬುಡದವರೆಗೆ ಒಂದೇ ಉಕ್ಕು,
ಮೊಳದುದ್ದ,
ಬೆತ್ತ ಕಡಿಯಲು, ಬಿದಿರು ಸೀಳಲು,
ಮೆಣಸಿನ ತೋಟದ ಹಾದಿಯನ್ನು
ಕಾಡಿನ ಬಾಯಿಂದ ಬಿಡಿಸಲು.

ಕಪಿತ್ ಪೇಟೆ. ತಿಯೋಂಗನ ಅಂಗಡಿ.
ಗಾಜಿನೊಳಗೆ ಒಂದು ಮಲಗಿತ್ತು ಕಪ್ಪಗೆ,
ಬೆನ್ನಿಗೆ ಗರಗಸದ ಹಲ್ಲು,
ಟೊಳ್ಳು ಹಿಡಿಯೊಳಗೆ ದಿಕ್ಸೂಚಿ, ಗಾಳ, ಮೂರು ಬೆಂಕಿಕಡ್ಡಿ.
ನೂರ ಎಂಬತ್ತು ಅಂದ.
ಹಿಡಿಯೇ ಟೊಳ್ಳಾದರೆ ಏಟಿನ ಭಾರ ಹೊರುವವರು ಯಾರು?
ಹೋದ ವರ್ಷದಿಂದ ನನ್ನನ್ನು
ದಿಕ್ಕಿಲ್ಲದವಳು ಅನ್ನುತ್ತಾರೆ, ನಿಜ,
ಆದರೂ ಮೂಡಲು ಪಡುವಲು ಗೊತ್ತಪ್ಪ ನನಗೆ.
ಪಕ್ಕದಲ್ಲಿ ಹನ್ನೆರಡು ರಿಂಗಿಟ್ಟಿನ ತಗಡು.
ಬೆರಳಲ್ಲಿ ಮೀಟಿದೆ,
ಊಟದ ತಟ್ಟೆ ಬಿದ್ದಂತೆ ಸದ್ದು.
ಇಟ್ಟುಬಿಟ್ಟೆ.

ಜೆಟ್ಟಿಯ ಕೆಳಗೆ ಎಂಗಾಂಗನ ಕುಲುಮೆ.
ದಿಮ್ಮಿ ಸಾಗಿಸುವ ಲಾರಿ ಸತ್ತರೆ ಅದರ ಕಮಾನುಪಟ್ಟಿ ಇವನ ಪಾಲು.
ಕಾಡು ಹೊತ್ತು ಇಳಿದ ಉಕ್ಕು
ಕತ್ತಿಯಾಗಿ ಮತ್ತೆ ಕಾಡು ಹತ್ತುತ್ತದೆ.
ಒಂದೊಂದನ್ನೇ ಎತ್ತಿ ತೂಗಿದೆ:
ಬೆನ್ನು ದಪ್ಪ, ಬಾಯಿ ತೆಳು,
ಉಗುರಿನ ಮೇಲಿಟ್ಟರೆ ಜಾರದೆ ಕಚ್ಚುತ್ತದೆ,
ಕಾವಿಗೆ ರಾಳದ ಅಂಟು, ಮೇಲೆ ಬೆತ್ತದ ಸುತ್ತು.
ಅರವತ್ತು, ಎಪ್ಪತ್ತು.
ಎಲ್ಲವೂ ಸೊಗಸು.
ಎಲ್ಲವೂ ಬಲಗೈಯವು.

ನಮ್ಮ ಕಡೆ ಕತ್ತಿಗೆ ಒಂದೇ ಕೆನ್ನೆ ಸಾಣೆ.
ಬಲಗೈಗೆ ಒಳಕ್ಕೆ ಕಚ್ಚುತ್ತದೆ,
ಎಡಗೈಗೆ ಕೊಟ್ಟರೆ ಜಾರಿ ಮೊಣಕಾಲು ಹುಡುಕುತ್ತದೆ.
ಮೂವತ್ತೊಂದು ವರ್ಷ ಉಂಚಾತನ ಕತ್ತಿಯಲ್ಲೇ ಕಡಿದೆ,
ಮಣಿಕಟ್ಟು ತಿರುಚಿ, ತಿರುಚಿ.
ನೀನು ಕಡಿದ ಬಿದಿರಿಗೆ ಮೆಳ್ಳೆಗಣ್ಣು ಅಂತ ನಗುತ್ತಿದ್ದ.
ಅದನ್ನು ಅವನ ಜೊತೆಗೇ ಮಣ್ಣಿಗಿಟ್ಟೆವು.
ಅಲ್ಲಿಯೂ ಕಾಡಿದೆಯಂತೆ,
ಅಲ್ಲಿಯೂ ಹಾದಿ ಕಡಿಯಬೇಕಂತೆ.

ಎಂಗಾಂಗ್ ನನ್ನ ಕೈ ನೋಡಿದ. ಏನೂ ಕೇಳಲಿಲ್ಲ.
ಅಟ್ಟದಿಂದ ಹರಕು ಗೋಣಿ ಇಳಿಸಿ ಕೊಡವಿದ.
‘ಬಲೇಹ್ ಕಡೆಯ ಎಡಚನೊಬ್ಬ ಹೇಳಿ ಮಾಡಿಸಿದ್ದು.
ಮುಂಗಡ ಕೊಟ್ಟು ಹೋದವನು, ಬರಲೇ ಇಲ್ಲ.
ಆರು ವರ್ಷ ಆಯಿತು. ಇನ್ಯಾರು ಕೊಳ್ಳುತ್ತಾರೆ ಇದನ್ನ?
ಮೂವತ್ತು ಕೊಡು.’

ಬುಡದ ಹತ್ತಿರ ಲಾರಿಯ ಬೋಲ್ಟಿನ ತೂತು ಹಾಗೇ ಉಳಿದಿತ್ತು.
ಕಣ್ಣಿಟ್ಟು ನೋಡಿದೆ:
ಕೆಂಚು ನೀರು, ಅರ್ಧ ದೋಣಿ,
ಯಾರದೋ ಮಗುವಿನ ಕಾಲು.
ಸಾಣೆಕಲ್ಲಿಗೆ ಐದು. ದೋಣಿಗೆ ಐದು.
ಗಂಟು ಬರಿದಾಯಿತು.

ಸಂಜೆ ದಂಡೆಗಿಳಿದು
ಮನೆಯ ಏಣಿ ಹತ್ತುವ ಮೊದಲೇ
ಒಂದು ಬಿದಿರಿಗೆ ಬೀಸಿದೆ.
ಮಣಿಕಟ್ಟು ತಾನಾಗಿ ತಿರುಚಿಕೊಂಡಿತು,
ಹೊಸ ಕತ್ತಿ ಜಾರಿತು.
ಎಡವಟ್ಟು ಕತ್ತಿಯದಲ್ಲ.

ಕೈ ಕೊಡವಿಕೊಂಡೆ.
ಹುಟ್ಟಿದಾಗ ಹೇಗಿತ್ತೋ ಹಾಗೆ ಬಿಟ್ಟೆ ಅದನ್ನು,
ಸಡಿಲ.

ಎರಡನೆಯ ಏಟಿಗೆ
ಬಿದಿರು ಒಂದು ಗಳಿಗೆ ನಿಂತೇ ಇತ್ತು,
ಆಮೇಲೆ ಒರಗಿತು.
ಕಡಿದ ಬಾಯಿ ನೆಟ್ಟಗಿತ್ತು.
ತೋರಿಸಲು ತಲೆ ಎತ್ತಿದೆ.