ಬೆಳಕಿಂಡಿ

ಶೀಗಿ ಹುಣ್ಣಿಮಿ ಆಗಿ ನಾಕನೇ ದಿನ
ಮೂಡಗಾಳಿ ಬಂದು ಬಾಗಿಲ ಮೂಸಿ ಹೋತು.
ಗುಳೇದಗುಡ್ಡದಾಗ ಚಳಿ ಹಂಗ ಬರತೈತಿ,
ಮೊದಲ ಎಳಿಗೆ, ಆಮ್ಯಾಲ ಮೈಗೆ.
ರೇಶ್ಮಿ ಒಣಗಿ ಸೆಟೀತೈತಿ,
ಲಾಳಿ ಓಡಿದಲ್ಲೆ ಪಟ್ಟನ ಹರೀತೈತಿ,
ನನ್ನ ಗಂಡ ಅದಕ್ಕ ಬೈತಾನ
ಎಳಿಗೂ ಕಿವಿ ಇದ್ದಂಗ.

ಅದಕ್ಕ ವರ್ಷಾ ಈ ವಾರ
ಮನೀಗೆ ಚಳಿಯ ಅಂಗಿ ತೊಡಸ್ತೀವಿ.
ಹಿತ್ತಲ ಬಾಗಿಲ ಸಂದಿಗೆ ಗೋಣಿಚೀಲ,
ಮಗ್ಗದ ಕುಣಿಯೊಳಗ ಕಾಲಿಡೋ ಕಡೆ
ಜ್ವಾಳದ ಸೊಪ್ಪಿ, ಮ್ಯಾಲೊಂದು ತಟ್ಟು.
ಖಣದ ತುಂಡು ಕೂಡಿಸಿ ಹೊಲದ ಕೌದಿ
ಬಿಸಲಿಗೆ ಬಿದ್ದು ಹೊಟ್ಟಿ ತೋರಸ್ತೈತಿ.
ಮಳಿಗಾಲದಾಗ ಮಾಳಿಗಿ ಮ್ಯಾಲ ಬೆಳದ ಹುಲ್ಲು ಕಿತ್ತು
ಬಿರುಕಿಗೆ ಸವಳಮಣ್ಣು ಮೆತ್ತಿ
ಕಡೀಕ, ಬೆಳಕಿಂಡಿ ಮ್ಯಾಲ ಪರಸಿಕಲ್ಲು.
ಅಲ್ಲಿಗೆ ಮನಿ ಕಣ್ಣು ಮುಚ್ಚತೈತಿ
ಶಿವರಾತ್ರಿತನಕ.

ಮ್ಯಾಲಿನ ಕೆಲಸ ಅಂವಂದು, ತಳಗಿಂದು ನಂದು.
ಮೂವತ್ತೊಂದು ವರ್ಷ ಯಾರೂ ಕೇಳದ ಪಾಲು.
ಈ ಸಲ ಈರಸಂಗಪ್ಪನ ಮಣಕಾಲು
ನಿಚ್ಚಣಕಿಯ ಎರಡನೇ ಮೆಟ್ಟಲಕ್ಕ ನಿಂತವು.
ಇಳದು, ಏನೂ ಆಗದವರಂಗ
ಮಗ್ಗದಾಗ ಹೋಗಿ ಕುಂತ.
"ನಾಳಿ ರಾಜೇಸಾಬಗ ಹೇಳತೀನಿ" ಅಂದ
ಹಾಸಿನ ಕಡೆ ನೋಡಕೋತ.

ಆ ನಾಳಿ ಮೂರು ದಿನ ಆತು.
ನಾಕನೇ ದಿನ ಸೆರಗು ಸೊಂಟಕ್ಕ ಸಿಗಸಿ
ನಾನ ಏರಿದೆ.
"ಏ ಸಾವಂತ್ರಿ, ಬಿದ್ದಗಿದ್ದೀ!"
ಬೀಳಲಿಲ್ಲ.

ಆಚೆ ಮಾಳಿಗಿ ಮ್ಯಾಲ ಶೇಂಗಾ ಹರವತಿದ್ದ ಹಜರತಬಿ
ನನ್ನ ನೋಡಿ, ಸಂತಿಯಾಗ ಸಿಕ್ಕಂಗ,
"ಬಂದ್ಯಾ? ಇಷ್ಟ ತಡಾ?" ಅಂದಳು.

ನನ್ನ ಮನಿಯ ನೆತ್ತಿ ನಾ ಕಂಡಿರಲಿಲ್ಲ.
ಹುಲ್ಲಿನ ಬೇರಿನ್ಯಾಗ ಒಂದು ರಬ್ಬರ ಚಂಡು.
ಅದಕ್ಕಂತ ಅತ್ತು ಅತ್ತು ಉಣದ ಮಲಗಿದಾಕಿ
ಈಗ ಇಳಕಲ್ಲ ದವಾಖಾನಿಯೊಳಗ
ಮಂದಿ ಮಕ್ಕಳಿಗೆ ಸೂಜಿ ಚುಚ್ಚತಾಳ.
ಚಂಡು ಮೆತ್ತಗ ಒತ್ತಿದೆ. ಒಡದು ಮಣ್ಣಾತು.

ಬೆಳಕಿಂಡಿ, ಗೇಣಗಲದ ಚೌಕ.
ಬಗ್ಗಿ ನೋಡಿದರ
ಬಾವ್ಯಾಗ ಬಿದ್ದ ಚಂದ್ರಾಮನಂಗ
ಗಂಡನ ಬೋಳ ನೆತ್ತಿ.
ಬಿಸಲು ಚೌಕಾಗಿ ಇಳದು
ನೇದಷ್ಟು ಸೂಜಿಮಲ್ಲಿಗಿ ಮ್ಯಾಲ ಕುಂತಿತ್ತು.
ಎಳಿ ಹರೀತು.
ಬೈಲಿಲ್ಲ, ಕೇಳವರು ಯಾರೂ ಇಲ್ಲಂತ ಇರಬೇಕು.
ಕಣ್ಣಿನ ಹಂತೇಕ ತಂದ, ಎಂಜಲ ಹಚ್ಚಿ ಹೊಸದ,
ತಪ್ಪಿತು.
ಬೆಳಕಿಗೆ ಸರಕೊಂಡು ಮತ್ತ ಹಿಡದ,
ತಪ್ಪಿತು.
ಮೂರನೇ ಸಲಕ್ಕ ಕೂಡಿದಾಗ
ಮ್ಯಾಲ ನಾನೂ ಉಸರ ಬಿಟ್ಟೆ.

ಕಲ್ಲು ಮುಚ್ಚಿದ ನಾಕ ತಿಂಗಳೂ
ಬಲ್ಬಿನ ಅರಿಷಿಣ ಬೆಳಕಿನ್ಯಾಗ
ಹರದ ಎಳಿ ಹುಡಕತಿದ್ದದ್ದು ನನ್ನ ಬೆರಳು.
ಬೆಳಕು ಯಾಕ ಮುಚ್ಚಬೇಕಂತ
ತಳಗಿದ್ದಾಕಿ ಕೇಳಿರಲಿಲ್ಲ.
ಮ್ಯಾಲಿದ್ದವಗ ಅದು ತೂತು,
ತೂತಂದರ ಮುಚ್ಚಬೇಕು, ಅಷ್ಟ.

ಕಲ್ಲು ಎತ್ತಿ ಇಟ್ಟೆ.
ಮತ್ತ ಎತ್ತಿ, ಬದಿಗೆ ಸರಿಸಿ,
ಓಣಿಗೆ ಕೇಳೂವಂಗ ರಾಜೇಸಾಬನ ಕರದೆ.
ಅವನ ಗ್ಯಾರೇಜಿನ್ಯಾಗ
ಮುರದ ಟೆಂಪೋದ್ದೊಂದು ಕಿಟಕಿಗಾಜು ಇತ್ತು.
"ಅಕ್ಕಾ, ಇದ್ಯಾಕ?" ಅಂದ, ಕೊಟ್ಟ.
ವಾಟ ನೋಡಿ ಇಟ್ಟು, ಸುತ್ತ ಮಣ್ಣು ಮೆತ್ತಿ
ಹೆಬ್ಬೆರಳಿಂದ ಒತ್ತಿದೆ, ಕಡಬಿನ ಅಂಚು ಒತ್ತಿದಂಗ.

ಗಾಜಿನ ಮ್ಯಾಲ ಯಾರೋ ಬರಸಿದ್ದ ಮಾತು
ಕೆರದು ಕೆರದು "ನಿಧಾನ" ಅಂತ ಉಳದೈತಿ.
ದಿನಾ ಮಧ್ಯಾಹ್ನ ಅದರ ನೆರಳು
ಹಾಸಿನ ಮ್ಯಾಲ ಇಳದು
ಒಂದೊಂದ ಎಳಿ ದಾಟಿ ಗ್ವಾಡಿಗೆ ಹೋಗತೈತಿ.
ಅಂವ ಒಮ್ಮೆ ಲಾಳಿ ನಿಲ್ಲಿಸಿ ಓದಿದ,
ಮತ್ತ ನೇದ.

ಬೆಳಕಿನ ಬಗ್ಗೆ ಒಂದ ಮಾತು ಆಡಿಲ್ಲ.
ಗಾಜಿನ ಸಂದ್ಯಾಗ ಗಾಳಿ ಬರತೈತಂತ
ಎರಡ ಸಲ ಅಂದ.
ಬರತೈತಿ, ಖರೆ.
ನಾಳಿ ಮತ್ತ ಏರತೀನಿ,
ಹಜರತಬಿಯ ಶೇಂಗಾ ಆರೋದರಾಗ.