ಏಡಿ ಬಿಡಿಸುವುದು

ಜುಲೈ. ಮಲ್ಪೆಯ ಧಕ್ಕೆಯಲ್ಲಿ ಬೋಟುಗಳೆಲ್ಲ
ಒಂದರ ಪಕ್ಕೆಗೊಂದು ಒರಗಿ ಹಗ್ಗ ಕಚ್ಚಿಕೊಂಡು ನಿಂತಿವೆ.
ಹತ್ತು ತಿಂಗಳು ಎಂಟು ಗಂಡಸರಿಗೆ ಬೋಟಿನಲ್ಲಿ ಬೇಯಿಸಿದವ
ಈಗ ಇಬ್ಬರಿಗೆ ಬೇಯಿಸುವುದು ಕಲಿಯುತ್ತಿದ್ದೇನೆ.
ಅಳತೆ ತಪ್ಪುತ್ತದೆ.
ಮೊನ್ನೆಯ ಸಾರು ಇವತ್ತೂ ಉಂಟು.

ಗುಲಾಬಿ ಏಳೂವರೆಗೆ ಕಂಪೆನಿಯ ಟೆಂಪೋ ಹತ್ತುತ್ತಾಳೆ.
ಕಡಲಿಗೆ ರಜೆ, ಕೆರೆಯಲ್ಲಿ ಸಾಕಿದ ಸಿಗಡಿಗೆ ರಜೆಯಿಲ್ಲ.
ತಲೆ ಚಿವುಟಬೇಕು, ನರ ಎಳೆಯಬೇಕು,
ಐಸುನೀರಿಗೆ ಬಿಡಬೇಕು. ಕಿಲೋ ಲೆಕ್ಕ.
ಸಂಜೆ ಅವಳ ಬೆರಳುಗಳು
ಬೇರೆ ಯಾರೋ ಮರೆತುಹೋದವುಗಳ ಹಾಗೆ
ಅವಳ ಮಡಿಲಲ್ಲಿ ಬಿದ್ದಿರುತ್ತವೆ.

"ಏಡಿ ಮಾತ್ರ ತರ್ಬೇಡಿ ಮಾರ್ರೆ,
ಅದಕ್ಕೆ ಕೊಡ್ಲಿಕ್ಕೆ ನನ್ನ ಹತ್ರ ಬೆರಳು ಉಳಿದಿಲ್ಲ"
ಅಂದು ಮೂರು ಮಳೆಗಾಲ ಆಯಿತು.

ಇವತ್ತು ಅಮಾಸೆಯ ಮರುದಿನ.
ಕೋಡಿಯ ದೂಮಣ್ಣ ಹೊಳೆಬಾಯಿಯಿಂದ
ಬಾಳೆನಾರಲ್ಲಿ ಕೈಕಾಲು ಕಟ್ಟಿದ ಆರು ಏಡಿ ತಂದ.
"ಹುಣ್ಣಿಮೆಯದ್ದು ಬರೀ ನೀರು. ಇದು ನೋಡು, ಕಲ್ಲು!"
ಎತ್ತಿ ನೋಡಿದೆ. ಕಲ್ಲೇ.
ಅದರಲ್ಲೊಂದು, ಕಡ್ಡಿಯ ತುದಿಯ ಕಣ್ಣು ಹೊರಳಿಸಿ
ನನ್ನನ್ನೂ ತೂಗಿ ನೋಡಿತು.

ಅರಸಿನ, ಉಪ್ಪು, ಕುದಿ.
ಹಸಿರು ಬೆನ್ನು ಕೆಂಪಾಗುವವರೆಗೆ ಬಾಗಿಲ ಹೊರಗೆ ನಿಂತೆ.
ಬೋಟಿನಲ್ಲೂ ಹಾಗೆಯೇ, ಹುಡುಗರು ನಗುತ್ತಿದ್ದರು.
ಆಮೇಲೆ ಗುಂಡುಕಲ್ಲಿನಿಂದ ಒಡೆದು
ಅವಳದೇ ಕೂದಲ ಪಿನ್ನಿನಿಂದ ಎಳೆ ಎಳೆ ತೆಗೆದೆ.
ಎರಡು ಗಂಟೆ. ಒಂದು ಬಟ್ಟಲು.
ಎರಡು ಗಂಟೆಯಲ್ಲಿ ಅವಳು ಎಷ್ಟು ಕಿಲೋ ಬಿಡಿಸುತ್ತಾಳೆಂದು
ಲೆಕ್ಕ ಹಾಕಲು ಹೊರಟು, ನಡುವೆ ಬಿಟ್ಟೆ.

ನೀರುಳ್ಳಿ, ಶುಂಠಿ, ಕಾಳುಮೆಣಸು, ಬೇವಿನಸೊಪ್ಪು.
ಬಟಾಟೆ ಬೇಡ. ಬಟಾಟೆ ಹಾಕಿದರೆ
ಅದು ಬಟಾಟೆಯ ಕಟ್ಲೆಟ್ಟು, ಏಡಿ ಬರೀ ನೆಂಟ.
ಒಂದು ಮೊಟ್ಟೆ, ಹಿಸುಕಿದ ಕುಚ್ಚಲಕ್ಕಿ ಅನ್ನ ಒಂದು ಹಿಡಿ,
ಅಂಗೈಯಲ್ಲಿ ತಟ್ಟಿ ರವೆಯಲ್ಲಿ ಹೊರಳಿಸಿದರೆ ಹನ್ನೆರಡಾಯಿತು.
ಅದ್ದಿಕೊಳ್ಳಲು, ಕೆಳಮನೆಯವರ ಮರದಿಂದ ಕದ್ದ ಬಿಂಬುಳಿ;
ಗಾಂಧಾರಿ ಮೆಣಸು, ಬೆಳ್ಳುಳ್ಳಿ, ಬೆಲ್ಲದ ಚೂರಿನೊಂದಿಗೆ ಅರೆದು
ಹಸಿ ತೆಂಗಿನೆಣ್ಣೆ ಬಿಟ್ಟು ನಾಲಿಗೆಗೆ ಇಟ್ಟುಕೊಂಡೆ.
ಕಿವಿಯವರೆಗೆ ಹೋಯಿತು.

ಆಗ ಹೊಳೆಯಿತು:
ಈ ಹುಳಿಖಾರದಲ್ಲಿ ಅದ್ದಲು
ಗಾಯವಿಲ್ಲದ ಬೆರಳು ಅವಳಲ್ಲಿ ಯಾವುದುಂಟು?

ಚಿಪ್ಪೆಲ್ಲ ತೆಂಗಿನ ಬುಡಕ್ಕೆ ಸುರಿದಾಗಿತ್ತು.
ಕಾಗೆಗಳ ಮಹಾಸಭೆ. ಮೇಲಿಂದ ಮಳೆ.
ಕೊಡೆ ಬೀಸಿ ಓಡಿಸಿ, ಬಗ್ಗಿ, ಕೆದಕಿ,
ಹನ್ನೆರಡು ಇಕ್ಕಳಗಾಲು ಹುಡುಕಿದೆ; ಹನ್ನೊಂದು ಸಿಕ್ಕಿತು.
ತೊಳೆದೆ, ಮತ್ತೆ ಕುದಿಸಿದೆ,
ಒಂದೊಂದಕ್ಕೆ ಒಂದೊಂದು ಚುಚ್ಚಿದೆ, ಹಿಡಿಯಾಗಲಿ ಎಂದು.
ಕಾವಲಿಯ ಮೇಲೆ ಎಲ್ಲವೂ
ಕೈಯೆತ್ತಿ ಹಾಜರಿ ಹೇಳುವ ಮಕ್ಕಳ ಹಾಗೆ.

ಟೆಂಪೋ ಬಂತು. ಮುಖ ತೊಳೆದು ಬಂದು ಕೂತಳು.
ತಟ್ಟೆಯನ್ನು ಸ್ವಲ್ಪ ತಿರುಗಿಸಿ ನೋಡಿದಳು, ಏನೂ ಅನ್ನಲಿಲ್ಲ.
ಒಂದನ್ನು ಅದರ ಕಾಲು ಹಿಡಿದೆತ್ತಿ ಅದ್ದಿದಳು.
ಕಚ್ಚಿದಳು. ಜಗಿಯುವುದು ತಟ್ಟನೆ ನಿಂತಿತು.
ಬಾಯಿಂದ ಏನೋ ತೆಗೆದು ಟ್ಯೂಬಿನ ಬೆಳಕಿಗೆ ಹಿಡಿದಳು:
ಉಗುರಿನ ಚೂರಿನಷ್ಟು ಚಿಪ್ಪು.
ಅದನ್ನು ತಟ್ಟೆಯಂಚಿಗಿಟ್ಟು
ಸೂಪರ್‌ವೈಸರನ ಮೂಗುದನಿಯಲ್ಲಿ
"ರಿಜೆಕ್ಟ್" ಅಂದಳು.

ಮತ್ತೆ ಐದು ತಿಂದಳು.
ಕಾಲುಗಳನ್ನು ಚೀಪಿ ಚೀಪಿ ಸಾಲಾಗಿ ಇಟ್ಟಳು.
ಏಳನೆಯದ್ದನ್ನು ಎತ್ತುತ್ತ ಕೇಳಿದಳು, "ನೀವು ತಿಂದ್ರಾ?"

ಹಿಡಿಯಿಲ್ಲದ್ದು ನನ್ನದು.
ಬೆರಳಿನಲ್ಲೇ ಹಿಡಿದು ಅದ್ದಿದೆ.
ನನ್ನ ಕೈಯಲ್ಲೂ ಎಲ್ಲೆಲ್ಲಿ ಗೀರಿದೆಯೆಂದು
ಬಿಂಬುಳಿ ಒಂದೊಂದಾಗಿ ಹೇಳತೊಡಗಿತು.